ಪಡುವಲ ಕೊಳಕ್ಕೆ ಎಣ್ಣೆ ಇಲ್ಲ

ಬೆಳಗೊಳ
12-11-1995

ಪ್ರಮೀಳಾಗೆ ಅತ್ತಿಗೆ ಗೌರಮ್ಮನ ಆಶೀರ್ವಾದ. ಇಲ್ಲಿ ಮನೆಯವರೆಲ್ಲ ಚೆನ್ನಾಗಿದ್ದಾರೆ, ಎಮ್ಮೆ ಚೆನ್ನಾಗಿದೆ, ಎರಡು ಕೊಳದ ಮೀನೂ ಚೆನ್ನಾಗಿವೆ. ಮಂಗಳೂರಿನಲ್ಲಿ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ ಎಂದು ನಿಮ್ಮವ್ವ ದಿನಕ್ಕೆರಡು ಸಲ ನನ್ನನ್ನೇ ಕೇಳುತ್ತಾರೆ, ನಾನೇ ಅಡುಗೆ ಮಾಡಿ ಕಳಿಸುತ್ತಿರುವ ಹಾಗೆ.

ನೀನು ಕಳಿಸಿದ ಬೂತಾಯಿ ಮೀನಿನ ಎಣ್ಣೆಯ ಡಬ್ಬ ಬಂತು. ಮುಚ್ಚಳ ತೆಗೆದ ಕೂಡಲೇ ನಿನ್ನ ಕಿರಿಯಣ್ಣ ಶಿವಶಂಕರನ ಹೆಂಡತಿ ಸುನಿತಾ ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಓಡಿದಳು. ಅವಳಿಗೆ ಮೀನಿನ ಸಾರು ಬೇಕು, ವಾಸನೆ ಬೇಡ. ನೀನು ಬರೆದುಕೊಟ್ಟ ಪ್ರಕಾರವೇ ನಡೆಸುತ್ತಿದ್ದೇನೆ. ಕೆ.ಆರ್. ಪೇಟೆಯಿಂದ ತರಿಸಿದ ಕಡಲೆಕಾಯಿ ಹಿಂಡಿ ಒಂದು ಪಾಲು, ಅಕ್ಕಿ ತೌಡು ಒಂದು ಪಾಲು. ಮೂಡಲ ಕೊಳದ ಪಾಲಿಗೆ ಅಳತೆಯ ಎಣ್ಣೆ. ಪಡುವಲ ಕೊಳಕ್ಕೆ ಎಣ್ಣೆ ಇಲ್ಲ. ಸಂಜೆ ದಂಡೆಯ ಮೇಲೆ ನಿಂತು ತಟ್ಟೆ ಬಡಿದರೆ ಸಾಕು, ಗೆಂಡೆಗಳು ಬಾಯಿ ತೆರೆದುಕೊಂಡು ಬಂದುಬಿಡುತ್ತವೆ.

ಒಂದು ವಿಷಯ ನಿನಗೆ ತಿಳಿದಿರಲಿ. ಮೊನ್ನೆ ಶಿವಶಂಕರ ಜಗಲಿಯಲ್ಲಿ ಕೂತು ಮತ್ತೆ ಅದೇ ರಾಗ ತೆಗೆದ. ಕೊಳಗಳಿರುವ ನಾಲೆಯ ಕೆಳಗಿನ ಜೌಗು ಜಮೀನಿಗೆ ಮಣ್ಣು ತುಂಬಿಸಿ ಕಬ್ಬು ಹಾಕಬೇಕಂತೆ, ಮೀನು ಸಾಕುವುದು ಹೆಂಗಸರ ಆಟವಂತೆ. ಮಾವ ಎಲ್ಲರ ಮುಂದೆ ಹೇಳಿದರು: "ಉಗಾದಿ ಗಂಟ ತಡಿಲಾ. ಎರಡೂ ಕೊಳ್ದಾಗೆ ಮೀನು ಮುಕ್ಕಾಲು ಕೇಜಿ ತೂಗ್ಲಿ, ಆ ಎರಡು ಎಕ್ರೆ ಗೌರಿಗೇಯ. ಯಾವ ಕೊಳ ತೂಗ್ನಿಲ್ವೋ ಅದ ನೀನು ಮುಚ್ಚಕ."

ನಿನ್ನ ನಿಂಗರಾಜಣ್ಣ ತೀರಿಹೋಗಿ ಮೂರು ವರ್ಷವಾಯಿತು. ಇದು ನನ್ನದು ಎಂದು ಬೆರಳು ಮಾಡಿ ತೋರಿಸಲು ಈ ಮನೆಯಲ್ಲಿ ನನಗೆ ಒಂದು ಚೆಂಬೂ ಇಲ್ಲ. ಕೊಳ ಉಳಿದರೆ ನಾನು ಇಲ್ಲಿ ಉಳಿದೆ. ಇಲ್ಲದಿದ್ದರೆ ನಾಗಮಂಗಲದಲ್ಲಿ ನಮ್ಮಣ್ಣನ ಮನೆಯ ಹಿಂದಿನ ಕೋಣೆ. ಅದಕ್ಕೇ ನಿನ್ನ ಮೀನುಗಳನ್ನು ಇಷ್ಟು ಮುದ್ದು ಮಾಡುತ್ತಿದ್ದೇನೆ, ವಿದ್ಯೆಯ ಮೇಲಿನ ಭಕ್ತಿಯಿಂದಲ್ಲ.

ಪುಟ್ಟಗೌರಮ್ಮ


ಮಂಗಳೂರು
20-11-1995

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದವನ್ನು ಹಾಸ್ಟೆಲಿನ ಗೆಳತಿಯರಿಗೂ ಓದಿ ಹೇಳಿದೆ. ಸುನಿತಾ ಓಡಿದ್ದನ್ನು ಕೇಳಿ ಎಲ್ಲರೂ ನಕ್ಕರು. ಅಪ್ಪನ ಮಾತಿನಿಂದ ಖುಷಿಯಾಯಿತು. ಯುಗಾದಿಗೆ ಇನ್ನೂ ಬೇಕಾದಷ್ಟು ದಿನಗಳಿವೆ, ಗಾಬರಿ ಬೇಡ.

ನಾನು ಏನು ಹುಡುಕುತ್ತಿದ್ದೇನೆ ಎಂದು ನಿಮಗೆ ಸರಿಯಾಗಿ ಹೇಳಿಯೇ ಇಲ್ಲ. ಮೀನು ತಿಂದ ಕೊಬ್ಬು ಎಲ್ಲಿಗೆ ಹೋಗುತ್ತದೆ ಎನ್ನುವುದೇ ನನ್ನ ಪ್ರಶ್ನೆ. ಒಂದಿಷ್ಟನ್ನು ಉರಿಸಿಕೊಂಡು ಈಜುತ್ತದೆ, ಒಂದಿಷ್ಟು ಮಾಂಸಕ್ಕೆ ಸೇರುತ್ತದೆ, ಮಿಕ್ಕದ್ದು ಕರುಳಿನ ಸುತ್ತ ಮತ್ತು ಈಲಿಯಲ್ಲಿ ಕೂಡುತ್ತದೆ. ಈಲಿ ಎಂದರೆ ನೀವು ಮರಿ ಕೊಯ್ದಾಗ ಮೊದಲು ಹುರಿಯುವ ಭಾಗವೇ, ನಮ್ಮ ಪುಸ್ತಕದಲ್ಲಿ ಅದಕ್ಕೆ ಪಿತ್ತಜನಕಾಂಗ ಎಂದು ದೊಡ್ಡ ಹೆಸರು. ಎಣ್ಣೆ ತಿಂದ ಮೀನಿನ ಈಲಿಯನ್ನೂ ತಿನ್ನದ ಮೀನಿನ ಈಲಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಉತ್ತರ ಸಿಗುತ್ತದೆ.

ಹಾಗಾಗಿ ಒಂದೇ ಕಟ್ಟುನಿಟ್ಟು. ಚೀಟಿಯಲ್ಲಿರುವುದನ್ನು ಬಿಟ್ಟು ಯಾವ ಕೊಳಕ್ಕೂ ಒಂದು ಹಿಡಿ ಅನ್ನವನ್ನೂ ಹಾಕಬಾರದು. ಅವ್ವ ಮುದ್ದೆಯ ತಳ ಕೆರೆದು ತಂದು ಎಸೆದರೆ ತಡೆಯಿರಿ. ಕಾಲೇಜಿನಲ್ಲಿ ಕೊಳ ಸಾಲದು ಎಂದು ನಮ್ಮ ಕೊಳಗಳ ಮೇಲೆ ನಾನೇ ಹೊಣೆ ಹೊತ್ತು ಪ್ರೊಫೆಸರನ್ನು ಒಪ್ಪಿಸಿದ್ದೇನೆ. ನನ್ನ ಪಿಎಚ್.ಡಿ. ನಿಮ್ಮ ಕೈಯಲ್ಲಿದೆ.

ಪ್ರಮೀಳಾ


ಬೆಳಗೊಳ
18-12-1995

ಪ್ರಮೀಳಾಗೆ ಆಶೀರ್ವಾದ.

ನಿನ್ನೆ ದೇವಯ್ಯನ ಕೈಯಲ್ಲಿ ಬಲೆ ಹಾಕಿಸಿ ತೂಕ ನೋಡಿದೆ. ಮೂಡಲ ಕೊಳದ ಗೆಂಡೆ ನಾನೂರು ಗ್ರಾಂ ದಾಟಿದೆ, ಬೆನ್ನು ಅಗಲವಾಗಿ ನೋಡಲು ಚಂದ. ಪಡುವಲದ್ದು ಮುನ್ನೂರನ್ನೂ ಮುಟ್ಟಿಲ್ಲ. ತಲೆಯೇ ದೊಡ್ಡದಾಗಿ ಕಾಣುತ್ತದೆ.

ಶಿವಶಂಕರ ದಂಡೆಯ ಮೇಲೆಯೇ ನಿಂತಿದ್ದ. ಪಡುವಲ ಕೊಳದ ಉದ್ದಕ್ಕೂ ಹೆಜ್ಜೆ ಹಾಕಿ ಅಳೆದ. ಎಷ್ಟು ಟ್ರಾಕ್ಟರು ಮಣ್ಣು ಬೇಕಾಗುತ್ತದೆ ಎಂದು ದೇವಯ್ಯನನ್ನು ಕೇಳಿಕೊಂಡು ಹೋದ.

ಪ್ರಮೀಳಾ, ಪಡುವಲದ್ದಕ್ಕೂ ಒಂದು ಸೌಟು ಎಣ್ಣೆ ಹಾಕಲೇ? ಅಳತೆಗೆ ತಕ್ಕ ಹಾಗೆ ನೀನೇ ಬರೆದು ಕಳಿಸು, ಅದಕ್ಕಿಂತ ಒಂದು ತೊಟ್ಟು ಹೆಚ್ಚು ಹಾಕುವುದಿಲ್ಲ. ಅದು ಆಗದಿದ್ದರೆ ಮಾವನಿಗೆ ನೀನೊಂದು ಕಾಗದ ಬರಿ. ಪಡುವಲ ಕೊಳ ಸೊರಗುತ್ತಿರುವುದು ಗೌರಮ್ಮನ ಸೋಮಾರಿತನದಿಂದಲ್ಲ, ನಿನ್ನ ಓದಿಗಾಗಿ ಬೇಕೆಂದೇ ಹಾಗೆ ಮಾಡಿದ್ದು ಎಂದು. ನಾನು ಹೇಳಿದರೆ ನೆಪ ಎನ್ನುತ್ತಾರೆ. ನೀನು ಹೇಳಿದರೆ ನಂಬುತ್ತಾರೆ. ನಿನ್ನ ಉತ್ತರಕ್ಕೆ ಕಾದಿರುತ್ತೇನೆ.

ಪುಟ್ಟಗೌರಮ್ಮ


ಮಂಗಳೂರು
27-12-1995

ಅತ್ತಿಗೆಗೆ ನಮಸ್ಕಾರ.

ಎಣ್ಣೆ ಖಂಡಿತ ಬೇಡ. ನೂರು ಗ್ರಾಂಗೂ ಹೆಚ್ಚು ವ್ಯತ್ಯಾಸ ಬಂದಿದೆ ಎಂದು ಓದಿ ನನಗೆ ಆದ ಸಂತೋಷ ಎಷ್ಟು ಗೊತ್ತೇ? ಅಂಕಿಗಳು ಪಾಠದ ಪುಸ್ತಕದಲ್ಲಿ ಇರುವಂತೆಯೇ ಬರುತ್ತಿವೆ. ಪಡುವಲ ಕೊಳ ಸೊರಗಲೇಬೇಕು, ಅದು ಇರುವುದೇ ಅದಕ್ಕೆ. ಅದನ್ನು ಕಂಡು ಮರುಗಿ ಒಂದು ಸೌಟು ಹಾಕಿದರೆ ನಾಲ್ಕು ತಿಂಗಳ ಕೆಲಸ ನೀರಿನಲ್ಲಿ ಹೋದಂತೆ.

ಅಪ್ಪನಿಗೆ ಈ ವಾರವೇ ಬರೆಯುತ್ತೇನೆ, ಅದರ ಚಿಂತೆ ನಿಮಗೆ ಬೇಡ. ಜನವರಿ ಕೊನೆಗೆ ಎರಡೂ ಕೊಳದಿಂದ ಆರಾರು ಮೀನು ಹಿಡಿಸಿ, ಐಸ್ ಡಬ್ಬದಲ್ಲಿಟ್ಟು ಮೈಸೂರಿನಿಂದ ಬರುವ ಬಸ್ಸಿನಲ್ಲಿ ಕಳಿಸಿ. ಯಾವ ಮೀನು ಯಾವ ಕೊಳದ್ದು ಎಂದು ಚೀಟಿ ಕಟ್ಟುವುದನ್ನು ಮರೆಯಬೇಡಿ.

ಪ್ರಮೀಳಾ


ಬೆಳಗೊಳ
28-1-1996

ಪ್ರಮೀಳಾಗೆ ಆಶೀರ್ವಾದ.

ಹನ್ನೆರಡು ಮೀನು ಕಳಿಸಿದ್ದೇನೆ. ಮೂಡಲದ್ದಕ್ಕೆ ಕೆಂಪು ದಾರ, ಪಡುವಲದ್ದಕ್ಕೆ ಬಿಳಿ ದಾರ. ಪಡುವಲದ್ದು ಈಗ ಚೇತರಿಸಿಕೊಂಡಿದೆ, ಐನೂರರ ಹತ್ತಿರ ತೂಗುತ್ತಿದೆ. ಚಳಿ ಕಡಿಮೆಯಾಗಿದ್ದಕ್ಕೆ ಇರಬೇಕು. ನೀನು ಬರೆದುಕೊಟ್ಟದ್ದನ್ನೇ ಹಾಕುತ್ತಿದ್ದೇನೆ.

ಪಕ್ಕದ ಗದ್ದೆಯಲ್ಲಿ ಚೌಡಯ್ಯನ ಆಲೆಮನೆ ಶುರುವಾಗಿದೆ. ಇಡೀ ಬಯಲು ಬೆಲ್ಲದ ವಾಸನೆ.

ನೀನು ಮಾವನಿಗೆ ಬರೆಯುತ್ತೇನೆ ಎಂದಿದ್ದೆ. ಕೆಲಸದ ನಡುವೆ ಮರೆತಿರಬೇಕು. ಇರಲಿ.

ಪುಟ್ಟಗೌರಮ್ಮ


ಮಂಗಳೂರು
7-2-1996

ಅತ್ತಿಗೆಗೆ ನಮಸ್ಕಾರ.

ಈ ಕಾಗದವನ್ನು ದಯವಿಟ್ಟು ಪೂರ್ತಿ ಓದಿ.

ಬಂದ ಕೂಡಲೇ ಫ್ರೀಜರಿನಲ್ಲಿಟ್ಟಿದ್ದ ಮೀನುಗಳನ್ನು ನಿನ್ನೆ ಕೊಯ್ದೆವು. ಕೆಂಪು ದಾರದ ಮೀನುಗಳಲ್ಲಿ ನಾನು ನಿರೀಕ್ಷಿಸಿದಷ್ಟೇ ಕೊಬ್ಬು ಇತ್ತು, ಈಲಿ ಕಂದು ಬಣ್ಣದಲ್ಲಿ ಗಟ್ಟಿಯಾಗಿತ್ತು. ಬಿಳಿ ದಾರದ ಮೊದಲನೆಯ ಮೀನಿನ ಹೊಟ್ಟೆ ಸೀಳಿದಾಗ ಕರುಳೇ ಕಾಣಲಿಲ್ಲ. ಸುತ್ತಲೂ ಬಿಳಿ ಕೊಬ್ಬು. ಈಲಿ ಬೆಣ್ಣೆಯ ಹಾಗೆ ಹಳದಿಯಾಗಿ ಊದಿತ್ತು, ಚಾಕು ತಾಗಿದರೆ ಕಿತ್ತು ಬರುತ್ತಿತ್ತು. ಆರು ಮೀನೂ ಹಾಗೆಯೇ. ಎಣ್ಣೆಯನ್ನೇ ಕಾಣದ ಕೊಳದ ಮೀನಿನಲ್ಲಿ, ಎಣ್ಣೆ ತಿಂದ ಮೀನಿನ ಎರಡರಷ್ಟು ಕೊಬ್ಬು.

ದಾರ ಅದಲುಬದಲಾಗಿದೆಯೇ ಎಂದು ಪ್ರೊಫೆಸರು ಕೇಳಿದರು. ಅದಲುಬದಲಾದರೂ ಲೆಕ್ಕ ಸರಿಹೋಗುವುದಿಲ್ಲ, ಅಷ್ಟು ಎಣ್ಣೆಯನ್ನು ನಾವು ಮೂಡಲಕ್ಕೂ ಹಾಕಿಲ್ಲ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದ ರೀತಿ ನನಗೆ ಮರೆಯಲಾಗುತ್ತಿಲ್ಲ. ಕಾರಣ ಹೇಳಲಾಗದಿದ್ದರೆ ಎರಡು ಕೊಳದ ಅಂಕಿಗಳನ್ನೂ ಕೈಬಿಡಬೇಕು ಎಂದಿದ್ದಾರೆ.

ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಈಲಿ ಹೀಗೆ ಕೊಬ್ಬಿದ ಮೀನು ನೋಡಲು ದಷ್ಟಪುಷ್ಟವಾಗಿರುತ್ತದೆ, ತಾಳಿಕೆ ಇರುವುದಿಲ್ಲ. ನಾಲೆಯ ನೀರು ನಿಂತು, ಬಿಸಿಲೇರಿ, ಯಾರಾದರೂ ಬಲೆ ಎಳೆದರೆ ಅಲ್ಲೇ ಸಾಯುತ್ತದೆ. ಹಾಗಾಗಿ ನೇರವಾಗಿ ಕೇಳುತ್ತಿದ್ದೇನೆ. ಪಡುವಲ ಕೊಳಕ್ಕೆ ಏನು ಹಾಕಿದಿರಿ? ನೀವಲ್ಲದಿದ್ದರೆ ಬೇರೆ ಯಾರಾದರೂ? ಇರುವುದನ್ನು ಹೇಳಿದರೆ ಮೀನುಗಳನ್ನು ಉಳಿಸುವ ದಾರಿ ಹೇಳುತ್ತೇನೆ.

ಪ್ರಮೀಳಾ


ಬೆಳಗೊಳ
14-2-1996

ಪ್ರಮೀಳಾಗೆ.

ನಿನ್ನ ಕಾಗದವನ್ನು ಅಂಚೆಯವನು ಮಾವನ ಕೈಗೆ ಕೊಟ್ಟಿದ್ದ. ಪುಣ್ಯಕ್ಕೆ ಒಡೆದಿರಲಿಲ್ಲ. ಇಂಥ ಮಾತುಗಳನ್ನು ಬರೆಯುವಾಗ ಅದು ಯಾರ ಕಣ್ಣಿಗೆ ಬೀಳಬಹುದು ಎಂದು ಸ್ವಲ್ಪ ಯೋಚಿಸು.

ಆರು ತಿಂಗಳಿಂದ ಮಳೆಯೋ ಚಳಿಯೋ ನೋಡದೆ ಸಂಜೆ ಐದಕ್ಕೆ ದಂಡೆಯ ಮೇಲೆ ನಿಂತಿದ್ದೇನೆ. ಹಿಂಡಿ ನೆನೆಸಿ ನೆನೆಸಿ ಉಗುರಿನ ಸಂದೆಲ್ಲ ಹುಣ್ಣಾಗಿದೆ. ಮೀನು ಕೊಬ್ಬಿದರೆ ನನ್ನನ್ನು ಕಳ್ಳಿಯ ಹಾಗೆ ಕೇಳುತ್ತೀಯ, ಸೊರಗಿದರೆ ಇಲ್ಲಿಯವರು ಸೋಮಾರಿ ಎನ್ನುತ್ತಾರೆ. ನಿನ್ನ ಪ್ರೊಫೆಸರಿಗೆ ಕನ್ನಡಕ ತೆಗೆದು ನೋಡಲು ನೀನಾದರೂ ಎದುರಿಗಿದ್ದೀಯ. ನನ್ನನ್ನು ಯಾರೂ ನೋಡುವುದೇ ಇಲ್ಲ.

ತೌಡು, ಹಿಂಡಿ ಬಿಟ್ಟು ಬೇರೇನೂ ಹಾಕಿಲ್ಲ. ಬೇರೆ ಯಾರೂ ಕೊಳದ ಹತ್ತಿರ ಹೋಗುವುದಿಲ್ಲ. ದೇವಯ್ಯನ ಮೇಲೂ ಅನುಮಾನ ಪಡಬೇಡ, ಅವನು ಬಲೆ ಹಾಕಲು ಕರೆದಾಗ ಮಾತ್ರ ಬರುತ್ತಾನೆ. ಇದಕ್ಕಿಂತ ಹೆಚ್ಚು ಬರೆಯಲು ನನ್ನಲ್ಲಿ ಏನೂ ಇಲ್ಲ.

ಪುಟ್ಟಗೌರಮ್ಮ


ಮಂಗಳೂರು
21-2-1996

ಅತ್ತಿಗೆಗೆ ನಮಸ್ಕಾರ.

ನನ್ನನ್ನು ಕ್ಷಮಿಸಿ. ನಿಮ್ಮ ಕಾಗದ ಓದಿ ನಾಚಿಕೆಯಾಯಿತು. ನಿಮ್ಮನ್ನು ನಂಬದೆ ನಾನು ಯಾರನ್ನು ನಂಬಬೇಕಿತ್ತು?

ನೀವು ಬೇರೇನೂ ಹಾಕಿಲ್ಲ ಎಂದ ಮೇಲೆ ಉತ್ತರ ಪುಸ್ತಕದಲ್ಲೇ ಇರಬೇಕು ಎಂದು ಲೈಬ್ರರಿಯಲ್ಲಿ ಕೂತೆ. ಸಿಕ್ಕಿತು. ಮೀನು ತನ್ನ ಮೈಯಲ್ಲಿ ತಾನೇ ತಯಾರಿಸಿಕೊಳ್ಳಲಾಗದ ಕೆಲವು ಕೊಬ್ಬಿನಾಮ್ಲಗಳಿವೆ, ಅವು ಎಣ್ಣೆಯಿಂದಲೇ ಸಿಗಬೇಕು. ಸಿಗದಿದ್ದರೆ ಈಲಿಗೆ ಬಂದ ಕೊಬ್ಬು ಮುಂದೆ ಸಾಗಲಾರದೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಅಂದರೆ ನಮ್ಮ ಪಡುವಲದ ಮೀನಿಗೆ ಎಣ್ಣೆ ಹೆಚ್ಚಾಗಿಲ್ಲ ಅತ್ತಿಗೆ, ಎಣ್ಣೆಯ ಕೊರತೆಯಿಂದಲೇ ಕೊಬ್ಬಿದೆ. ಪ್ರೊಫೆಸರು ಇದನ್ನು ಪೂರ್ತಿ ಒಪ್ಪಲಿಲ್ಲ, ಆದರೆ ಮೇವಿನ ವಿಷಯ ನೀನು ಹೇಳಿದಂತೆಯೇ ಇದ್ದರೆ ಪರೀಕ್ಷಿಸಿ ನೋಡಬಹುದು ಎಂದರು.

ಕಾಗದದ ಜೊತೆ ಇನ್ನೊಂದು ಡಬ್ಬ ಕಳಿಸಿದ್ದೇನೆ. ತಲುಪಿದ ದಿನದಿಂದಲೇ ಪಡುವಲದ ಮೇವಿಗೂ ಎಣ್ಣೆ ಕಲಸಿ, ಮೂಡಲಕ್ಕೆ ಹಾಕುವಷ್ಟೇ. ಹದಿನೈದು ದಿನದಲ್ಲಿ ಸರಿಹೋಗುತ್ತದೆ. ನೀವು ಡಿಸೆಂಬರಿನಲ್ಲಿ ಕೇಳಿದ್ದ ಎಣ್ಣೆ ಕೊನೆಗೂ ಸಿಕ್ಕಿತು ನೋಡಿ.

ಪ್ರಮೀಳಾ


ಬೆಳಗೊಳ
9-3-1996

ಪ್ರಮೀಳಾಗೆ.

ಪಡುವಲ ಕೊಳ ಹೋಯಿತು.

ಮೂರನೇ ತಾರೀಕು ನಾಲೆಯ ನೀರು ನಿಂತಿತು. ನೀರು ಹಸಿರಾಗಿ ವಾಸನೆ ಬರತೊಡಗಿತು. ಏಳನೇ ತಾರೀಕು ಬೆಳಗ್ಗೆ ಯುಗಾದಿಗೆ ಮುಂಚೆ ಒಂದು ಸಲ ತೂಕ ನೋಡಿಬಿಡೋಣ ಎಂದು ಮಾವನೇ ಪಾಂಡವಪುರದಿಂದ ದೊಡ್ಡ ಬಲೆಯವರನ್ನು ಕರೆಸಿದರು. ಬೇಡವೆನ್ನಲು ಮಾವನಿಗೆ ಹೇಳಬಹುದಾದ ಕಾರಣ ನನ್ನ ಹತ್ತಿರ ಇರಲಿಲ್ಲ. ಮೊದಲ ಎಳೆತಕ್ಕೆ ಬಂದ ಮೀನು ಎಂಟುನೂರು ಗ್ರಾಂ ತೂಗಿತು. ಮಾವ ನನ್ನ ಕಡೆ ತಿರುಗಿ ತಲೆಯಾಡಿಸಿದರು. ಎರಡನೆಯ ಎಳೆತಕ್ಕೆ ಮೀನುಗಳು ಬಲೆಯಲ್ಲಿ ಕೊಸರಾಡಲೇ ಇಲ್ಲ. ಬಿಸಿಲೇರುವ ಹೊತ್ತಿಗೆ ಬಲೆಗೆ ಸಿಗದವೂ ಹೊಟ್ಟೆ ಮೇಲಾಗಿ ತೇಲಿದವು. ಮಧ್ಯಾಹ್ನದ ಹೊತ್ತಿಗೆ ಕೊಳದ ತುಂಬಾ ಬಿಳಿ ಹೊಟ್ಟೆ. ಪಾಂಡವಪುರದವರು ಅವನ್ನು ಮುಟ್ಟಲಿಲ್ಲ. ದೇವಯ್ಯ ಮತ್ತು ನಾನು ಸಂಜೆಯವರೆಗೆ ಬುಟ್ಟಿಯಲ್ಲಿ ಹೊತ್ತು ಗುಂಡಿಗೆ ಹಾಕಿದೆವು.

ಮೂಡಲ ಕೊಳದ ಮೀನು ಮುಕ್ಕಾಲು ಕೇಜಿ ತೂಗಿತು, ಒಂದೂ ಸಾಯಲಿಲ್ಲ.

ಮಾವ ದಂಡೆಯ ಮೇಲೆ ಕೂತೇ ಇದ್ದರು. ಏನು ಹಾಕಿದ್ದೆ ಎಂದು ಶಿವಶಂಕರ ಕೇಳಿದ. ಪ್ರಮೀಳಾ ಹೇಳಿದಂತೆ ಎಣ್ಣೆ ಹಾಕಿದ್ದೆ ಎಂದೆ.

ಪುಟ್ಟಗೌರಮ್ಮ


ಮಂಗಳೂರು
13-3-1996

ಅತ್ತಿಗೆ,

ನಿಮ್ಮ ಕಾಗದ ಬಂತು. ನಾನೇ ಕೊಂದೆ. ಈಲಿ ಆಗಲೇ ತುಂಬಿಹೋಗಿತ್ತು, ಅದರ ಮೇಲೆ ಎಣ್ಣೆ ಸುರಿಯಲು ಹೇಳಿದವಳು ನಾನು. ಪ್ರೊಫೆಸರು ಅನುಮಾನಪಟ್ಟಾಗ ಹಟ ಹಿಡಿದವಳೂ ನಾನೇ. ಪುಸ್ತಕದ ಒಂದು ಪುಟ ಓದಿ ಕಾಗದ ಮುಟ್ಟಲು ಮೂರು ನಾಲ್ಕು ದಿನ ಹಿಡಿಯುವಷ್ಟು ದೂರದ ಕೊಳಕ್ಕೆ ಔಷಧಿ ಬರೆದೆ.

ಅಪ್ಪನಿಗೆ ನಿನ್ನೆಯೇ ಬರೆದಿದ್ದೇನೆ. ತಪ್ಪೆಲ್ಲ ನನ್ನದು, ಅತ್ತಿಗೆ ನಾನು ಹೇಳಿದ್ದನ್ನು ಮಾಡಿದರು ಅಷ್ಟೇ, ಅವರನ್ನು ಒಂದು ಮಾತೂ ಅನ್ನಬೇಡಿ ಎಂದು. ಮೂಡಲ ಕೊಳವನ್ನಾದರೂ ನಿಮಗೆ ಬಿಡಬೇಕೆಂದು ಕೇಳಿಕೊಂಡಿದ್ದೇನೆ.

ನಾನು ಓದು ನಿಲ್ಲಿಸುತ್ತಿದ್ದೇನೆ. ಪ್ರೊಫೆಸರಿಗೆ ಹೇಳಿಯಾಯಿತು. ತಿಂಗಳ ಕೊನೆಯವರೆಗೆ ಯೋಚಿಸು ಎಂದಿದ್ದಾರೆ, ಯೋಚಿಸಲು ಏನೂ ಉಳಿದಿಲ್ಲ. ಸಾಯುತ್ತಿರುವ ಮೀನಿಗೂ ಬದುಕುವ ಮೀನಿಗೂ ವ್ಯತ್ಯಾಸ ತಿಳಿಯದವಳು ಮೀನಿನ ಬಗ್ಗೆ ಬರೆದು ಯಾರಿಗೆ ಏನಾಗಬೇಕು? ಹಬ್ಬ ಕಳೆದ ಮೇಲೆ ಊರಿಗೆ ಬರುತ್ತೇನೆ. ಹಬ್ಬದ ದಿನ ನಿಮ್ಮ ಮುಖ ನೋಡುವ ಧೈರ್ಯ ನನಗಿಲ್ಲ.

ಪ್ರಮೀಳಾ


ನಾಗಮಂಗಲ
22-3-1996

ಪ್ರಮೀಳಾ,

ಈ ಕಾಗದವನ್ನು ನಮ್ಮಣ್ಣನ ಮನೆಯಿಂದ ಬರೆಯುತ್ತಿದ್ದೇನೆ. ನಿನ್ನೆ ಒಬ್ಬಳೇ ಬಸ್ಸು ಹತ್ತಿ ಬಂದೆ.

ನಿನ್ನ ಎಣ್ಣೆ ಮೀನನ್ನು ಕೊಲ್ಲಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮಿಕ್ಕದ್ದು. ಜನವರಿ ಹತ್ತರಿಂದ ಪಡುವಲ ಕೊಳಕ್ಕೆ ನಾನು ಬೆಲ್ಲ ಹಾಕುತ್ತಿದ್ದೆ. ಚೌಡಯ್ಯನ ಆಲೆಮನೆಯಲ್ಲಿ ಪಾಕ ಕೆಟ್ಟು ಅಚ್ಚು ಹಿಡಿಯದ ಬೆಲ್ಲವನ್ನು ದನಕ್ಕೆ ಕೊಡುತ್ತಾರೆ. ಎಮ್ಮೆಗೆ ಎಂದು ಹೇಳಿ ದಿನಕ್ಕೊಂದು ಬಕೆಟ್ ತರುತ್ತಿದ್ದೆ. ತೌಡಿಗೆ ಕಲಸಿ ಉಂಡೆ ಕಟ್ಟಿ ಹಾಕುತ್ತಿದ್ದೆ. ಮೀನುಗಳು ಮುಗಿಬಿದ್ದು ತಿನ್ನುತ್ತಿದ್ದವು. ನೀನು ಎಣ್ಣೆ ಹಾಕಲು ಬರೆದ ಮೇಲೂ ಬೆಲ್ಲ ನಿಲ್ಲಿಸಲಿಲ್ಲ, ಎರಡನ್ನೂ ಹಾಕಿದೆ. ನೀನು ಬೇಡವೆಂದದ್ದು ಎಣ್ಣೆ, ಬೆಲ್ಲದಲ್ಲಿ ಜಿಡ್ಡೆಲ್ಲಿದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ನೀನು ನೇರವಾಗಿ ಕೇಳಿದಾಗ ಸುಳ್ಳು ಬರೆದೆ. ಆ ಸುಳ್ಳನ್ನು ನಂಬಿ ನೀನು ಔಷಧಿ ಹೇಳಿದೆ. ಕೊಂದವಳು ನಾನು.

ಯಾಕೆ ಹಾಕಿದೆ ಎಂದು ಕೇಳುತ್ತೀಯ. ನೀನು ಮಾವನಿಗೆ ಬರೆಯುತ್ತೇನೆ ಎಂದಿದ್ದೆ. ಹತ್ತು ದಿನ ಅಂಚೆಯವನ ಸೈಕಲ್ಲಿನ ಸದ್ದಿಗೆ ಎದ್ದು ಎದ್ದು ಬಂದೆ. ಕಾಗದ ಬರಲಿಲ್ಲ. ಅದು ಒಂದು. ಇನ್ನೊಂದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನಿನ್ನ ಅಣ್ಣ ಹೋದ ಮೇಲೆ ಒಂದು ದಿನವೂ ಅತ್ತೆ ನನಗೆ ಕೆಟ್ಟ ಮಾತು ಆಡಿದವರಲ್ಲ. ಆದರೆ ನಾವು ಹೆಂಗಸರು ಉಣ್ಣಲು ಕೂತಾಗ ತುಪ್ಪದ ಮಿಳ್ಳೆ ಅವರ ತಟ್ಟೆಗೆ ಬಾಗುತ್ತದೆ, ಸುನಿತಾಳ ತಟ್ಟೆಗೆ ಬಾಗುತ್ತದೆ, ನೀನು ರಜೆಗೆ ಬಂದಾಗ ನಿನ್ನ ತಟ್ಟೆಗೆ ಎರಡು ಸಲ ಬಾಗುತ್ತದೆ. ನನ್ನ ಹತ್ತಿರ ಬರುವ ಹೊತ್ತಿಗೆ ಮಿಳ್ಳೆ ಬಟ್ಟಲಿಗೆ ಹೋಗಿಬಿಡುತ್ತದೆ. ಮರೆತರೇನೋ ಎನ್ನಬೇಕು, ಹಾಗೆ. ಮೂರು ವರ್ಷ ಮರೆತರು. ಒಂದು ಸಾಲಿಗೆ ಎಣ್ಣೆ ಕಲಸಿ, ಪಕ್ಕದ ಸಾಲಿಗೆ ಒಣ ತೌಡು ಎಸೆಯುವುದನ್ನು ನೀನು ಪರೀಕ್ಷೆ ಎಂದೆ. ಪಂಕ್ತಿಭೇದ ಮಾಡುವ ಕೈ ನನ್ನದಾಯಿತಲ್ಲ ಎಂದು ನನಗೆ ದಿನಾ ಸಂಕಟವಾಗುತ್ತಿತ್ತು.

ಯುಗಾದಿಯ ದಿನ ನಿನ್ನ ಕಾಗದದ ಮಾತು ಎತ್ತಿ, ತಪ್ಪು ಮಗಳದು, ಸೊಸೆಯದಲ್ಲ, ಮೂಡಲ ಕೊಳ ಗೌರಿಗೇ ಎಂದು ಮಾವ ಎಲ್ಲರ ಮುಂದೆ ಹೇಳಿದರು. ತಮ್ಮ ಸಾಲಿನಲ್ಲೇ ನನಗೂ ಎಲೆ ಹಾಕಿಸಿದರು. ಅತ್ತೆ ನನ್ನ ಒಬ್ಬಟ್ಟಿನ ಮೇಲೆ ತುಪ್ಪ ಬಡಿಸಿದರು. ನನಗೆ ಬೇಕಾಗಿದ್ದದ್ದೆಲ್ಲ ಆ ಎಲೆಯ ಮೇಲಿತ್ತು ಪ್ರಮೀಳಾ. ಅಲ್ಲಿ ನೀನು ಓದು ಬಿಟ್ಟು ಗಂಟುಮೂಟೆ ಕಟ್ಟುತ್ತಿದ್ದೆ. ಒಬ್ಬಟ್ಟು ಮುರಿಯದೆ ಕೈ ಹಿಂದೆ ತೆಗೆದೆ. "ಎಣ್ಣೆಯಿಂದ ಅಲ್ಲ ಮಾವ, ಬೆಲ್ಲದಿಂದ. ನಾನೇ ಹಾಕ್ದೆ, ಪ್ರಮೀಳಂಗೆ ಸುಳ್ಳು ಬರ್ದೆ" ಎಂದೆ.

ಮಾವ ಎಲೆಯ ಮೇಲೆಯೇ ಕೈ ತೊಳೆದುಕೊಂಡರು. "ಮಗೀನ ಮ್ಯಾಲೆ ಹೊರಿಸ್ಬುಟ್ಟು ಉಣ್ಣಕ್ಕೆ ಕೂತಿದ್ಯಲ್ಲವ್ವ" ಎಂದರು. ಅಷ್ಟೇ. ಅದಾದ ಮೇಲೆ ಆ ಮನೆಯಲ್ಲಿ ಹೇಗೆ ಇರಲಿ?

ನೀನು ಓದು ಬಿಡಬೇಡ. ಈ ಕಾಗದವನ್ನು ನಿನ್ನ ಪ್ರೊಫೆಸರಿಗೆ ತೋರಿಸು, ನನ್ನ ಹೆಸರು ಹಾಕಿಯೇ ಬರಿ. ದಿನಕ್ಕೆ ಒಂದು ಬಕೆಟ್, ಸುಮಾರು ಎಂಟು ಕೇಜಿ, ಐವತ್ತೇಳು ದಿನ. ಈ ಲೆಕ್ಕ ಸುಳ್ಳಲ್ಲ.

ಪುಟ್ಟಗೌರಮ್ಮ


ಬೆಳಗೊಳ
2-4-1996

ಅತ್ತಿಗೆಗೆ ನಮಸ್ಕಾರ.

ನಿಮ್ಮ ಕಾಗದ ಹಿಡಿದುಕೊಂಡೇ ಊರಿಗೆ ಬಂದಿದ್ದೇನೆ. ಬರುವ ಮುಂಚೆ ಪ್ರೊಫೆಸರಿಗೆ ತೋರಿಸಿದೆ. ಎರಡು ಸಲ ಓದಿದರು. ಉರಿಸಿ ಮಿಕ್ಕ ಸಕ್ಕರೆಯನ್ನು ಮೀನಿನ ಈಲಿ ಕೊಬ್ಬು ಮಾಡಿ ಕೂಡಿಡುತ್ತದೆ, ಎಣ್ಣೆಯನ್ನೇ ತಿನ್ನಬೇಕೆಂದಿಲ್ಲ, ಇದನ್ನು ನೀನು ಮೊದಲ ವರ್ಷವೇ ಓದಿದ್ದೆಯಲ್ಲ ಎಂದರು. ಓದಿದ್ದೆ. ಆಲೆಮನೆಯ ವಿಷಯ ನೀವು ಬರೆದಾಗಲೂ ನನಗೆ ಹೊಳೆಯಲಿಲ್ಲ. ಪಡುವಲ ಕೊಳದ ವಿಷಯವನ್ನು ಆದದ್ದು ಆದ ಹಾಗೆಯೇ ಬರೆಯಬೇಕು, ಬೆಲ್ಲದ ಮೇಲೆ ಬೇರೆ ಪರೀಕ್ಷೆ ಕಾಲೇಜಿನಲ್ಲೇ ಮಾಡಬೇಕು ಎಂದಿದ್ದಾರೆ. ಒಂದು ವರ್ಷ ಹೆಚ್ಚು ಹಿಡಿಯುತ್ತದೆ. ಓದು ಬಿಡುವುದಿಲ್ಲ.

ಇಲ್ಲಿ ಶಿವಣ್ಣ ಪಡುವಲ ಕೊಳಕ್ಕೆ ಮಣ್ಣು ಹೊಡೆಸುತ್ತಿದ್ದಾನೆ. ಅರ್ಧ ತುಂಬಿದೆ.

ನಿನ್ನೆ ಅಪ್ಪನ ಮುಂದೆ ಕೂತು ಒಂದು ಮಾತು ಹೇಳಿದೆ, ಅದನ್ನು ನಿಮಗೂ ಹೇಳಬೇಕು. ಡಿಸೆಂಬರಿನಲ್ಲಿ ನಾನು ಅಪ್ಪನಿಗೆ ಬರೆಯಲು ಮರೆತಿರಲಿಲ್ಲ. ಬೇಕೆಂದೇ ಬರೆಯಲಿಲ್ಲ. ಒಂದು ಕೊಳವನ್ನು ಬೇಕೆಂದೇ ಸೊರಗಿಸುತ್ತಿದ್ದೇವೆ ಎಂದು ತಿಳಿದರೆ ಅಪ್ಪ ಪರೀಕ್ಷೆಯನ್ನೇ ನಿಲ್ಲಿಸುತ್ತಾರೆ ಎಂದು ಹೆದರಿದೆ. ಪಡುವಲ ಕೊಳ ಯುಗಾದಿಗೆ ತೂಗುವುದಿಲ್ಲ, ನಿಮ್ಮ ಕೈತಪ್ಪಿ ಹೋಗುತ್ತದೆ ಎಂದು ನಿಮಗಿಂತ ಮುಂಚೆ ನನಗೆ ಗೊತ್ತಿತ್ತು. ನನ್ನ ಅಂಕಿಗಳು ಬಂದ ಮೇಲೆ ಹೋದರೆ ಹೋಗಲಿ ಎಂದುಕೊಂಡೆ.

ನೀವು ಹೋದ ದಿನದಿಂದ ಮೂಡಲ ಕೊಳಕ್ಕೆ ಅಪ್ಪನೇ ಮೇವು ಹಾಕುತ್ತಿದ್ದಾರಂತೆ. ಸಂಜೆ ಅದೇ ತಟ್ಟೆ ಎತ್ತಿಕೊಂಡು ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು: "ಬರಿ ಅವಳ್ಗೆ. ಪಡುವಲದ್ದು ಹೋಯ್ತು, ಅದ ನಾನು ತಂದುಕೊಡಕ್ಕಾಗಕಿಲ್ಲ. ಮೂಡಲ ಕೊಳ ಕೊಟ್ಟೆ ಅಂತ ಉಗಾದಿ ದಿನ ಆಡಿದ್ದೀನಿ, ಆಡಿದ್ದು ಆಡಿದ್ದೇಯ. ಬರಾದು ಬುಡಾದು ಅವಳಿಗೆ ಬುಟ್ಟಿದ್ದು."

ಶುಕ್ರವಾರ ನಾಗಮಂಗಲಕ್ಕೆ ಬರುತ್ತೇನೆ. ಕರೆದುಕೊಂಡು ಹೋಗಲು ಎಂದು ಹೇಳುವ ಹಕ್ಕು ನನಗಿಲ್ಲ. ನಿಮ್ಮ ಕಾಗದದಲ್ಲಿ ನನ್ನನ್ನು ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ, ಅದಕ್ಕೆ ನಿಮ್ಮ ಮುಂದೆ ನಿಂತು ಉತ್ತರ ಹೇಳಬೇಕು. ಅಷ್ಟರೊಳಗೆ ನನಗೆ ಧೈರ್ಯ ತಪ್ಪಬಹುದೆಂದು ಇಲ್ಲೇ ಬರೆಯುತ್ತೇನೆ. ತುಪ್ಪದ ಮಿಳ್ಳೆ ನಿಮ್ಮ ತಟ್ಟೆ ದಾಟಿ ಹೋಗುವುದನ್ನು ನಾನು ನೋಡಿದ್ದೆ ಅತ್ತಿಗೆ. ಮೊದಲನೆಯ ಸಲವೇ ನೋಡಿದ್ದೆ. ನೋಡುತ್ತಲೇ ಉಂಡೆ.

ಪ್ರಮೀಳಾ